ಐದು ರಾಜ್ಯ, ಒಂದು ಬಾವಿ

ಹೊಸ ಪುಸ್ತಕ ಕೈಗೆ ಬಂದ ಕೂಡಲೇ ಅದನ್ನು ಮೂಗಿನ ಹತ್ತಿರ ಒಯ್ಯುವುದು ನನ್ನ ಹಳೆಯ ಚಾಳಿ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಕೊರಿಯರ್‌ನವರು ಇಟ್ಟಿಗೆಯಷ್ಟು ದಪ್ಪದ ಪೊಟ್ಟಣವನ್ನು ಗೇಟಿನಲ್ಲಿ ಕೊಟ್ಟು ಹೋದರು. ಒಗ್ಗರಣೆಗೆ ಇಟ್ಟ ಎಣ್ಣೆಯನ್ನು ಹಾಗೇ ಬಿಟ್ಟು, ಕತ್ತರಿ ಹುಡುಕಿ ಬಿಚ್ಚಿದೆ. ಅಂಟಿನ ವಾಸನೆ, ಮಸಿಯ ವಾಸನೆ, ಅದರ ಜೊತೆಗೆ ಅಡುಗೆಮನೆಯಿಂದ ಸೀದ ಸಾಸಿವೆಯದೂ ಸೇರಿಕೊಂಡಿತು. ಓಡಿಹೋಗಿ ಒಲೆ ಆರಿಸಿ ಬಂದು ಮೊದಲ ಹಾಳೆ ತಿರುಗಿಸಿದೆ. ನಕ್ಷೆಯ ಒಂದು ಅಂಚು ಕಂಡಿತು. ಪಟ್ಟನೆ ಪುಸ್ತಕ ಮುಚ್ಚಿಬಿಟ್ಟೆ.

ನಮ್ಮ ಮನೆಯಲ್ಲಿ ಕಥೆಯನ್ನು ಯಾರು ಬೇಕಾದರೂ ಒಬ್ಬರೇ ಓದಬಹುದು. ನಕ್ಷೆಯನ್ನು ಮಾತ್ರ ಒಬ್ಬರೇ ನೋಡುವ ಹಾಗಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿಮಗೇನೂ ಅವಸರವಿಲ್ಲ ತಾನೆ? ನನಗಂತೂ ಇಲ್ಲ, ಸಾಸಿವೆ ಹೇಗೂ ಸೀದುಹೋಗಿದೆ.

ನಾವಿರುವುದು ಅಮೃತಹಳ್ಳಿಯಲ್ಲಿ. ಈಗ ಬಂದು ನೆಲೆಸಿದವರಿಗೆ ಅದು ಸಹಕಾರನಗರದ ಪಕ್ಕದ ಒಂದು ಬಡಾವಣೆ. ನಮ್ಮತ್ತೆಗೆ ಇವತ್ತಿಗೂ ಅದು ರಾಗಿ ಹೊಲ. ಮೆಡಿಕಲ್ ಸ್ಟೋರ್ ಇರುವ ಜಾಗಕ್ಕೆ ಅವರು ‘ಉಣಸೇಮರದ ತಾವ’ ಅಂತಾರೆ, ಜಿಮ್ ಇರುವ ಕಟ್ಟಡಕ್ಕೆ ‘ಕಣ’ ಅಂತಾರೆ. ಒಮ್ಮೆ ಯಾರೋ ಹೊಸಬರು ದಾರಿ ಕೇಳಿದಾಗ, “ಕಣ ದಾಟಿ ಉಣಸೇಮರದ ತಾವ ಎಡಕ್ಕೆ ತಿರೀಕೊಳಿ” ಅಂದಿದ್ದರು. ಆ ಪಾಪದವರು ಮರ ಹುಡುಕುತ್ತಾ ಇನ್ನೂ ತಿರುಗುತ್ತಿದ್ದಾರೋ ಏನೋ.

ಹೊಲ ಸೈಟುಗಳಾದಾಗ ನಮ್ಮ ಮನೆಯವರೂ ಅವರ ಅಣ್ಣನೂ ಭಾಗವಾದರು. ಭಾಗವಾಗುವುದು ಎಲ್ಲಾ ಮನೆಯಲ್ಲೂ ಇದ್ದದ್ದೇ. ನಮ್ಮಲ್ಲಿ ಮಾತು ಬೆಳೆಯಿತು. ಯಾರು ಏನಂದರು ಅನ್ನುವುದು ಈಗ ಇಬ್ಬರಿಗೂ ಸರಿಯಾಗಿ ನೆನಪಿಲ್ಲ, ಅಂದದ್ದಂತೂ ನಿಜ. ಪಕ್ಕಪಕ್ಕದಲ್ಲೇ ಎರಡು ಮನೆ ಎದ್ದವು. ಅತ್ತೆ ನಮ್ಮ ಜೊತೆ ಉಳಿದರು. ಭಾವನ ಮಗಳು ಸಿಂಧು, ಅತ್ತೆ ಹಾಲುಗಲ್ಲದ ಕೂಸಾಗಿದ್ದಾಗಿಂದ ಎತ್ತಿ ಆಡಿಸಿದ ಮೊಮ್ಮಗಳು, ಆಚೆ ಮನೆಗೆ ಹೋದಳು. “ಆ ಮನೆ ಗೇಟ್ ದಾಟ್ಬೇಡ” ಅಂತ ಭಾವ ಅವಳಿಗೆ ಹೇಳಿದ್ದರಂತೆ. ನಮ್ಮ ಮನೆಯವರೂ ಕಡಿಮೆಯವರಲ್ಲ, “ಅವರಾಗೇ ಬಂದ್ರೆ ಬರ್ಲಿ” ಅಂದು ಕೂತರು.

ಅತ್ತೆಗೆ ಮಾತ್ರ ಹೊಸದೊಂದು ಅಭ್ಯಾಸ ಶುರುವಾಯಿತು. ಸಂಜೆ ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಹೊರಗಿನ ಮೆಟ್ಟಿಲ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ವ್ಯಾನ್ ಬಂದು, ಮಗು ಇಳಿದು, ಪಕ್ಕದ ಗೇಟು ಹಾಕಿದ ಸದ್ದಾದ ಮೇಲೆ ಎಣ್ಣೆಬಟ್ಟಲು ಎತ್ತಿಕೊಂಡು ಒಳಗೆ ಬರುತ್ತಿದ್ದರು. ಸಾಮಾನ್ಯವಾಗಿ ಒಂದೇ ಕಾಲಿಗೆ ಎಣ್ಣೆ ಹತ್ತಿರುತ್ತಿತ್ತು.

ಗೇಟಿನ ವಿಷಯ ಮಾತಾಡಿದವರು ತಾರಸಿಯ ವಿಷಯ ಮರೆತಿದ್ದರು. ನಮ್ಮ ಎರಡೂ ತಾರಸಿಗಳು ಅಂಟಿಕೊಂಡಂತೇ ಇವೆ, ನಡುವೆ ಸೊಂಟದೆತ್ತರದ ಗೋಡೆ. ಒಂದು ಭಾನುವಾರ ಬಟ್ಟೆ ಹರವಲು ಹೋದೆ. ಆಚೆ ಬದಿಯ ನೀರಿನ ಟ್ಯಾಂಕಿನ ನೆರಳಲ್ಲಿ ಸಿಂಧು ದಪ್ಪ ಪುಸ್ತಕ ಹಿಡಿದು ಕೂತಿದ್ದಳು. ಆಗವಳು ಹೈಸ್ಕೂಲು.

“ಏನ್ ಓದ್ತಿದ್ದೀಯ ಪುಟ್ಟಿ?” ಅಂದೆ.

“ನಿಮ್ಗೆ ಇಷ್ಟ ಆಗಲ್ಲ ಚಿಕ್ಕಮ್ಮ. ಮಾಟ, ಮಂತ್ರ, ಯುದ್ಧ.”

“ನಮ್ಮ ಮನೇಲಿ ಎಲ್ಲಾ ನೋಡಿದ್ದೀನಿ, ಮಾಟ ಒಂದು ಬಿಟ್ಟು” ಅಂದೆ. ನಕ್ಕಳು. ಎಷ್ಟೋ ತಿಂಗಳ ಮೇಲೆ ಆ ನಗು ಅಷ್ಟು ಹತ್ತಿರದಿಂದ ಕಂಡಿದ್ದು.

ಪುಸ್ತಕ ಇಸಕೊಂಡು ಓದಿದೆ. ನಾನು ಓದಿದ್ದು ಆರ್.ಟಿ. ನಗರದ ಕಾನ್ವೆಂಟಿನಲ್ಲಿ. ಅಲ್ಲಿ ಇಂಥ ಕಥೆಗಳು ಬೀಗ ಹಾಕಿದ ಗಾಜಿನ ಬೀರುವಿನಲ್ಲಿರುತ್ತಿದ್ದವು. ನಮಗೆ ಸಿಗುತ್ತಿದ್ದದ್ದು ಸಂತರ ಜೀವನ ಚರಿತ್ರೆ, ಅದಕ್ಕೊಂದು ಸಾರಾಂಶ ಬರೆಯುವ ಕೆಲಸ. ಹಾಗಾಗಿ ನಲವತ್ತು ದಾಟಿದ ಮೇಲೆ, ಕುಕ್ಕರಿನ ಪಕ್ಕ ನಿಂತು, ಮೊದಲ ಬಾರಿಗೆ ಡ್ರ್ಯಾಗನ್ ಕಂಡೆ. ಸೀಟಿ ಎಷ್ಟಾಯಿತೋ ತಿಳಿಯಲಿಲ್ಲ. ಆ ದಿನದ ಬೇಳೆಗೆ ರೂಪವೇ ಇರಲಿಲ್ಲ.

ಒಟ್ಟು ಐದು ಪುಸ್ತಕ ಬರಬೇಕಾಗಿದ್ದ ಸರಣಿ ಅದು, ಆಗ ನಾಲ್ಕು ಬಂದಿದ್ದವು. ಒಂದೊಂದರಲ್ಲಿ ಒಂದೊಂದು ರಾಜ್ಯ, ಬೇರೆ ಬೇರೆ ರಾಜರು, ಬೇರೆ ಬೇರೆ ಜಗಳ. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ. ಆದರೆ ಪ್ರತಿ ಪುಸ್ತಕದಲ್ಲೂ ಎಲ್ಲೋ ಒಂದು ಕಡೆ ದೀಪ ಮಾರುವ ಮುದುಕಿಯೊಬ್ಬಳು ಬಾಗಿಲು ತಟ್ಟಿ, ನಾಲ್ಕು ಮಾತಾಡಿ, ಹೊರಟುಹೋಗುತ್ತಾಳೆ. ಯಾರವಳು? ಬರೆದವರು ಹೇಳುವುದಿಲ್ಲ. ಹೇಳದೆ ಬಿಟ್ಟಿದ್ದನ್ನು ಓದುವವರೇ ಹೊಂದಿಸಿಕೊಳ್ಳಬೇಕು. ಅದಕ್ಕೆ ‘ಥಿಯರಿ’ ಅಂತಾರೆ ಅಂತ ಸಿಂಧು ನನಗೆ ಕಲಿಸಿದಳು. ಅಂತರ್ಜಾಲದಲ್ಲಿ ದೇಶದೇಶದ ಓದುಗರು ಕೂತು ಇದನ್ನೇ ಚರ್ಚೆ ಮಾಡುತ್ತಾರಂತೆ. ನನ್ನ ಮೊದಲ ಥಿಯರಿಯನ್ನು ಬಲು ಹೆಮ್ಮೆಯಿಂದ ಮಂಡಿಸಿದೆ: ಆಕೆ ಸನ್ಯಾಸಿನಿ ಇರಬೇಕು.

“ಚಿಕ್ಕಮ್ಮ, ನಿಮ್ಗೆ ಬಿಳಿ ಸೆರಗು ಹೊದ್ದೋರೆಲ್ಲ ಸಿಸ್ಟರ್ ಥರಾನೇ ಕಾಣ್ತಾರೆ” ಅಂದಳು.

ಮೇಲಿನಿಂದ ನಗು ಕೇಳಿಸಿತೇನೋ, ಮುಂದಿನ ಭಾನುವಾರ ಅತ್ತೆ ಒಣಮೆಣಸಿನಕಾಯಿಯ ಮೊರ ಹಿಡಿದು, ಉಸ್ಸಪ್ಪ ಅನ್ನುತ್ತಾ ಮೆಟ್ಟಿಲು ಹತ್ತಿ ಬಂದರು. ಅಜ್ಜಿ ಮೊಮ್ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಅಪ್ಪನ ಸುದ್ದಿ ಕೇಳುವ ಹಾಗಿಲ್ಲ, ಮನೆಯ ಸುದ್ದಿ ಹೇಳುವ ಹಾಗಿಲ್ಲ. ಕೊನೆಗೆ ಅತ್ತೆ ನನ್ನ ಕಡೆ ತಿರುಗಿ, “ಏನಮ್ಮ ಅದು ಕತೆ, ನಂಗೂ ಏಳಿ” ಅಂದರು.

ಸಿಂಧುವೇ ಹೇಳಿದಳು. ಅತ್ತೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೇಳಿದರು. ಹೆಸರುಗಳಿಗೆ ನಾಲಿಗೆ ಹೊರಳದೆ ತಮ್ಮದೇ ಇಟ್ಟುಕೊಂಡರು. ದೀಪ ಮಾರುವವಳು ‘ದೀಪದಮ್ಮ’, ಗಡೀಪಾರಾದ ರಾಜಕುಮಾರ ‘ಓಡೋದ ಉಡ್ಗ’. ಕಥೆ ಮುಗಿಸಿ ಸಿಂಧು ಕೆಳಗಿಳಿಯಲು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದಳು.

“ಅಲ್ಲಾ ಮಗ, ಆ ದೀಪದಮ್ಮ ಯಾರ ಕಡೆಯೋಳು?”

ಸಿಂಧು ಕಾಲು ಹಿಂದಕ್ಕೆ ತೆಗೆದಳು. “ಅದೇ ಅಜ್ಜಿ ಎಲ್ರೂ ಕೇಳ್ತಿರೋದು!” ಅಂದು ಮತ್ತೆ ಗೋಡೆಯ ಹತ್ತಿರ ಬಂದಳು. ಆವತ್ತು ಅವರಮ್ಮ ಕೂಗುವವರೆಗೂ ನಿಂತಳು.

ಅಲ್ಲಿಂದ ಅದೇ ಅತ್ತೆಯ ವರಸೆ. ಹುಡುಗಿ ಹೊರಡುವ ಹೊತ್ತಿಗೇ ಒಂದು ಪ್ರಶ್ನೆ. ಅತ್ತೆಗೆ ಕಥೆಯ ಮೇಲೆ ಅಂಥ ಪ್ರೀತಿಯೇನಿರಲಿಲ್ಲ, ಮೊಮ್ಮಗಳು ಇನ್ನೊಂದು ಗಳಿಗೆ ನಿಲ್ಲಬೇಕು ಅಷ್ಟೆ. ಅದು ನನಗೂ ಗೊತ್ತಿತ್ತು, ಬಹುಶಃ ಸಿಂಧುವಿಗೂ. ಪ್ರಶ್ನೆ ಖಾಲಿಯಾದಾಗ ಅತ್ತೆ ಥಿಯರಿಗೆ ಕೈ ಹಾಕಿದರು. ಒಂದು ವಾರ, ಓಡೋದ ಉಡ್ಗನೇ ವೇಷ ಹಾಕಿಕೊಂಡು ದೀಪದಮ್ಮನಾಗಿದ್ದಾನೆ ಅಂದರು. ಇನ್ನೊಂದು ವಾರ, ಡ್ರ್ಯಾಗನ್ನಿಗೆ ಹಸಿವಿಲ್ಲ, ಅದಕ್ಕೆ ಹಲ್ಲುನೋವು, ಅದಕ್ಕೇ ಹಂಗೆ ಕಿರುಚುತ್ತೆ ಅಂದರು. ಸಿಂಧು ಕೆರಳಿ ಪುಟ ತೆಗೆದು ತೋರಿಸಿ ವಾದ ಮಾಡುವಳು. ಅತ್ತೆ ಸೋಲುವರು, ಮೆಣಸಿನಕಾಯಿಯ ಮರೆಯಲ್ಲಿ ನಗುವರು. ಇಡೀ ಸರಣಿಯೇ ಒಂದು ಮಗು ಕಂಡ ಕನಸು ಅಂತ ಯಾರೋ ಬರೆದಿದ್ದನ್ನು ಸಿಂಧು ಓದಿ ಹೇಳಿದಾಗ ಮಾತ್ರ ಅತ್ತೆಗೆ ನಿಜವಾಗಿ ಕೋಪ ಬಂತು.

“ಕನಸು ಅಂದ್ಬುಟ್ರೆ ಮುಗೀತಾ? ಸೋಮಾರಿ ನನ್ಮಗ.”

ನಕ್ಷೆಗಳನ್ನು ನಾನಂತೂ ನೋಡಿರಲಿಲ್ಲ. ಪುಸ್ತಕದ ಮೊದಲಲ್ಲಿ ನಕ್ಷೆ ಬಂದರೆ ಭೂಗೋಳದ ಪರೀಕ್ಷೆ ನೆನಪಾಗಿ ಎರಡು ಹಾಳೆ ಒಟ್ಟಿಗೆ ತಿರುಗಿಸಿಬಿಡುತ್ತಿದ್ದೆ. ಒಂದು ದಿನ ಸಿಂಧು ನಾಲ್ಕೂ ಪುಸ್ತಕವನ್ನು ಗೋಡೆಯ ಮೇಲೆ ಸಾಲಾಗಿ ಬಿಡಿಸಿಟ್ಟಳು. ಗಾಳಿಗೆ ಹಾರದಂತೆ ನಾನು ಬಟ್ಟೆ ಕ್ಲಿಪ್ಪು ಹಾಕಿದೆ. ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿದರು. ಒಂದರಿಂದ ಒಂದಕ್ಕೆ ಬೆರಳು ಎಳೆದರು. ಆ ದಿನ ಅವರು ಮಾತಾಡಿದ್ದು ಯಾರನ್ನೂ ಹಿಡಿದು ನಿಲ್ಲಿಸಲು ಅಲ್ಲ ಅನ್ನಿಸುತ್ತದೆ ನನಗೆ.

“ಇದು ಒಂದೇ ಜಮೀನು ಕಣೆ. ಅಣ್ತಮ್ದೀರು ಭಾಗ ಮಾಡ್ಕಂಡವ್ರೆ.”

“ಅದ್ ಹೆಂಗ್ ಹೇಳ್ತೀಯ ಅಜ್ಜಿ?”

“ನೋಡು, ನಾಕ್ ನಕ್ಸೇಲೂ ಮೂಲೇಲೊಂದು ಬಾವಿ. ಅದ್ಕೆ ಕಾಲ್ದಾರಿ ಬಿಟ್ಟವ್ರೆ.” ನಿಜ, ಪ್ರತಿ ನಕ್ಷೆಯ ಅಂಚಿನಲ್ಲೂ ಹೆಸರಿಲ್ಲದ ಒಂದು ಸಣ್ಣ ವೃತ್ತ, ಅಲ್ಲಿಗೆ ಚುಕ್ಕಿ ಚುಕ್ಕಿಯ ದಾರಿ. “ಭಾಗ ಆದ್ರೆ ಒಲ ಅಂಚ್ಕೊಂತಾರೆ, ಮನೆ ಅಂಚ್ಕೊಂತಾರೆ, ದನ ಅಂಚ್ಕೊಂತಾರೆ. ಬಾವಿ ಅಂಚ್ಕೊಳಕ್ಕಾಯ್ತದಾ? ಅದು ಎಲ್ರುದು. ಎಷ್ಟ್ ಜಗಳ ಆಡಿದ್ರೂ ಬಾವಿ ದಾರೀಗೆ ಬೇಲಿ ಆಕಂಗಿಲ್ಲ.”

“ಹಂಗಾದ್ರೆ ದೀಪದಮ್ಮ?”

“ಅವ್ರವ್ವ. ಇನ್ಯಾರ್ ಅಲೀತಾರೆ, ಎಲ್ಲಾರ್ ಮನೆ ಬಾಗ್ಲಿಗೂವೆ?”

ಸಿಂಧು ಬಗ್ಗಿ ನಾಲ್ಕೂ ಬಾವಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದಳು. ನಾನು ಒಣಗಿದ ಬಟ್ಟೆಯನ್ನು ಮತ್ತೊಮ್ಮೆ ಒದರಿ ಹರವಿದೆ.

ಅವಳು ಅದನ್ನು ಅಂತರ್ಜಾಲದಲ್ಲಿ ಹಾಕಿದಳು, ‘ಅಜ್ಜಿಯ ಥಿಯರಿ’ ಅಂತಲೇ. ಎಲ್ಲೆಲ್ಲಿಯವರೋ ಉತ್ತರ ಬರೆದರು. ಕೆಲವರು ಹೊಗಳಿದರು, ಕೆಲವರು ನಕ್ಕರು, ಒಬ್ಬರು ‘ಬಾವಿಯ ಈ ನಿಯಮ ಎಲ್ಲಿಂದ ಬಂತು’ ಅಂತ ಕೇಳಿದ್ದರು. “ಯಾಕೆ, ಅವ್ರೂರಲ್ಲಿ ಭಾಗ ಆಗಲ್ವಂತಾ?” ಅಂತ ಅತ್ತೆ ಆಶ್ಚರ್ಯಪಟ್ಟರು. ಸಿಂಧುವಿಗೆ ಮಾತ್ರ ಅದು ಆಟವಾಗಿ ಉಳಿಯಲಿಲ್ಲ. “ಐದನೇದು ಬರ್ಲಿ, ನಮ್ಮಜ್ಜಿ ಕರೆಕ್ಟ್ ಅಂತ ಎಲ್ರಿಗೂ ಗೊತ್ತಾಗುತ್ತೆ” ಅನ್ನುವಳು. ಆ ಮಾತಿಗೆ ಅತ್ತೆಯ ಮುಖ ಸಣ್ಣದಾಗುತ್ತಿತ್ತು. ಒಮ್ಮೆ ಮೆಟ್ಟಿಲು ಇಳಿಯುವಾಗ ಮೆಲ್ಲಗೆ ಕೇಳಿದರು, “ಐದನೇದು ಬಂದ್ಮೇಲೆ ಮುಗ್ದೋಯ್ತಾ ಅಮ್ಮ? ಆಮೇಕೆ ಏನೂ ಇಲ್ವಾ?”

ಐದನೆಯದು ಬಂತು. ಆ ಹೊತ್ತಿಗೆ ಅತ್ತೆಯ ಮೊಣಕಾಲು ಊದಿಕೊಂಡು ಮೆಟ್ಟಿಲು ಹತ್ತುವುದು ನಿಂತಿತ್ತು. ಸಿಂಧು ಪುಸ್ತಕವನ್ನು ಎದೆಗೆ ಅವುಚಿಕೊಂಡು ತಾರಸಿಗೆ ಬಂದಾಗ ನಾನೊಬ್ಬಳೇ ಇದ್ದೆ. ಕಣ್ಣು ಕೆಂಪಾಗಿತ್ತು.

“ತಪ್ಪಾಗೋಯ್ತು ಚಿಕ್ಕಮ್ಮ. ಐದು ರಾಜ್ಯದ ಮಧ್ಯೆನೂ ಸಮುದ್ರ ಇದೆ, ಮೊದ್ಲಿಂದ್ಲೂ ಇತ್ತಂತೆ. ದೀಪದಮ್ಮ ಒಬ್ಳಲ್ಲ. ಐದು ಜನ ಬೇರೆ ಬೇರೆ ಹೆಂಗಸ್ರು. ಅವರವ್ವನೂ ಅಲ್ಲ, ಯಾರೂ ಅಲ್ಲ.”

“ಹೋಗ್ಲಿ ಬಿಡು, ನಾನು ನಿಧಾನಕ್ಕೆ ಹೇಳ್ತೀನಿ ಅಜ್ಜಿಗೆ.”

“ಬೇಡ. ನಾನೇ ಹೇಳ್ಬೇಕು.”

ಗೋಡೆ ಹಾರುತ್ತಾಳೆ ಅಂದುಕೊಂಡು ಕೈ ಚಾಚಿದೆ. ಅವಳು ತಲೆಯಾಡಿಸಿದಳು. “ಗೋಡೆ ಹಾರಿದ್ರೆ ಕಳ್ಳರ ಥರ ಆಗುತ್ತೆ. ನಾನ್ ಹೋಗ್ತಿರೋದು ನಮ್ಮಜ್ಜಿ ಹತ್ರ” ಅಂದು ಕೆಳಗಿಳಿದುಹೋದಳು. ನಾನೂ ದಡಬಡ ಇಳಿದೆ. ಅಷ್ಟರಲ್ಲಿ ನಮ್ಮ ಗೇಟು ಕಿರ್ರೆಂದಿತ್ತು.

ನಡುಮನೆಯಲ್ಲಿ ಅತ್ತೆ ಕಾಲು ನೀಡಿ ಕೂತಿದ್ದರು. ಟಿವಿ ಮುಂದೆ ನಮ್ಮ ಮನೆಯವರು. ಬಾಗಿಲಲ್ಲಿ ಸಿಂಧು. ಅತ್ತೆ ಪುಸ್ತಕದ ಕಡೆ ನೋಡಲೇ ಇಲ್ಲ.

“ಉಂಡ್ಯಾ ಮಗ?”

“ಅಜ್ಜಿ, ಥಿಯರಿ ತಪ್ಪು. ಸಮುದ್ರ ಇಟ್ಟಿದ್ದಾನೆ.”

“ಅವ್ನಿಗ್ ಗೊತ್ತಿಲ್ಲ ಬುಡು. ಬಾ, ಕೂತ್ಕೊ.” ಆಮೇಲೆ ನನ್ನ ಕಡೆಗೆ, “ಮುದ್ದೆ ಬಿಸಿ ಐತಾ?”

ಸಿಂಧು ಅಳುತ್ತಾ ಉಂಡಳು, ಉಣ್ಣುತ್ತಾ ಲೇಖಕನನ್ನು ಬೈದಳು. ಹೊರಗೆ ಭಾವನ ದನಿ ಕೇಳಿಸಿತು, “ಸಿಂಧೂ!” ಅತ್ತೆ ಕೂತಲ್ಲಿಂದಲೇ, ಕಣದಲ್ಲಿ ಆಳುಗಳನ್ನು ಕೂಗುವ ಗಂಟಲಲ್ಲಿ, “ಉಣ್ತಾವ್ಳೆ. ಉಂಡ್ ಬತ್ತಾಳೆ” ಅಂದರು. ನಮ್ಮ ಮನೆಯವರು ಟಿವಿ ಸದ್ದು ಏರಿಸಿದರು, ಇಳಿಸಿದರು. ಎದ್ದು ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹೋಗಿ ತೆರೆದ ಗೇಟಿನ ಬಳಿ ಇಟ್ಟು, ವಾಪಸ್ಸು ಬಂದು ಕೂತರು. ಕಿಟಕಿಯಿಂದ ನೋಡಿದೆ. ಭಾವ ಕೂರಲಿಲ್ಲ. ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟುಕೊಂಡು, ಮಗಳ ಊಟ ಮುಗಿಯುವವರೆಗೂ ನಿಂತಿದ್ದರು.

ಅಣ್ಣತಮ್ಮಂದಿರು ಆಮೇಲೆ ಅಪ್ಪಿಕೊಂಡರು ಅಂತ ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಇವತ್ತಿಗೂ ಮದುವೆ ಮನೆಯಲ್ಲಿ ಎದುರಾದರೆ ಒಬ್ಬರಿಗೊಬ್ಬರು ತಲೆ ಆಡಿಸುತ್ತಾರೆ, ಅಷ್ಟೇ. ಆದರೆ ಗೇಟಿನ ಮಾತನ್ನು ಭಾವ ಮತ್ತೆ ಎತ್ತಲಿಲ್ಲ.

ಈಗ ಸಿಂಧು ಹೆಬ್ಬಾಳದ ಕಡೆ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಆ ಲೇಖಕ ಎಷ್ಟೋ ವರ್ಷ ಸುಮ್ಮನಿದ್ದು ಈಗ ಅದೇ ಲೋಕದ ಆರನೆಯ ಪುಸ್ತಕ ಬರೆದಿದ್ದಾನೆ. ಅವಳಿಗೆ ಹೇಳದೆ ತರಿಸಿದ್ದು ನಾನು. ಫೋನ್ ಮಾಡೋಣವೆಂದು ಮಧ್ಯಾಹ್ನವೆಲ್ಲ ಕೈ ತುರಿಸಿತು, ತಡೆದುಕೊಂಡೆ. ಸಂಜೆ ಅವಳೇ ಬಂದಳು, ಸಪೋಟ ಹಣ್ಣಿನ ಕವರು ಆಡಿಸುತ್ತಾ.

“ಏನ್ ಸಮಾಚಾರ, ಇಷ್ಟ್ ಬೇಗ?” ಅಂದೆ.

“ಏನಿಲ್ಲ ಚಿಕ್ಕಮ್ಮ, ಸುಮ್ನೆ ಬಂದೆ.”

ಪುಸ್ತಕವನ್ನು ಸೋಫಾ ದಿಂಬಿನ ಹಿಂದೆ ತಳ್ಳಿ ಕಾಫಿ ಮಾಡಲು ಹೋದೆ. ಹಬೆಯಾಡುವ ಲೋಟ ಹಿಡಿದು ಬಾಗಿಲಲ್ಲೇ ನಿಂತೆ. ಸಿಂಧು ಅಜ್ಜಿಯ ಪಕ್ಕ ಕಾಲು ಮಡಚಿ ಕೂತು ತನ್ನ ಕಾಲೇಜಿನ ಪ್ರಿನ್ಸಿಪಾಲರ ನಡಿಗೆಯನ್ನು ವರ್ಣಿಸುತ್ತಿದ್ದಳು. ಅತ್ತೆ ಸಪೋಟದ ಬೀಜ ಬಿಡಿಸಿ ಹಣ್ಣನ್ನು ಅವಳ ಬಾಯಿಗಿಡುತ್ತಿದ್ದರು. ಪ್ರಶ್ನೆಯಿಲ್ಲ, ಥಿಯರಿಯಿಲ್ಲ, ಹೊರಡುವ ಅವಸರವಿಲ್ಲ. ಆ ಪುಸ್ತಕ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಅಷ್ಟು ಆಸೆಪಟ್ಟು ತರಿಸಿದ್ದನ್ನು ಹೊರಗೆ ತೆಗೆಯುವುದೇ ಬೇಡ ಅನ್ನಿಸುವಷ್ಟು ನನಗೆ ತೃಪ್ತಿಯಾಯಿತು.

ಅತ್ತೆಯ ಕಿವಿ ಮಂದವಾಗಿದೆ, ಕಣ್ಣು ಆಗಿಲ್ಲ.

“ದಿಂಬಿನ್ ಇಂದೆ ಏನಮ್ಮ ಅದು, ಅಷ್ಟ್ ದಪ್ಪ?”

ಸಿಂಧು ಎದ್ದು ದಿಂಬು ಎಳೆದು, “ಚಿಕ್ಕಮ್ಮಾ!” ಅಂತ ಕಿರುಚಿ, ನಿಂತಲ್ಲೇ ಮೊದಲ ಅಧ್ಯಾಯ ಓದತೊಡಗಿದಳು. ಅತ್ತೆ ಕನ್ನಡಕ ಏರಿಸಿಕೊಂಡು ಎರಡೂ ಕೈ ಚಾಚಿದರು.

“ಕತೆ ಆಮೇಕ್ ಏಳೀವಂತೆ. ಈಸಲ ಸಮುದ್ರ ಎಲ್ಲಿಟ್ಟವ್ನೆ, ಮೊದ್ಲು ಅದ್ ತೋರ್ಸು.”