ಅಪ್ಪ ಕೂಡಿಸಿದ ಹೊಸ್ತಿಲು

ದೆವ್ವ, ಪೀಡೆ ಎನ್ನುವವರನ್ನು ಕಂಡರೆ ನಗುತ್ತಿದ್ದವನು ನಾನು. ಈಗಲೂ ಯಾರಾದರೂ ಅಂಥ ಕತೆ ಶುರು ಮಾಡಿದರೆ ನನಗೆ ಆಕಳಿಕೆ ಬರುತ್ತದೆ. ಹಾಗಾಗಿ ಇದನ್ನು ಬರೆಯಲು ನಾಚಿಕೆ. ಆದರೆ ಆದದ್ದು ಆಯಿತು, ಆದಾಗ ನನಗೆ ಸಂತೋಷವೂ ಆಯಿತು. ಅದನ್ನು ಮುಚ್ಚಿಡುವುದಿಲ್ಲ.

ಐವತ್ತರ ದಶಕದ ಕೊನೆಗೆ ಧಾರವಾಡದಲ್ಲಿ ಕಾಲೇಜು ಹುಡುಗರಿಗಾಗಿ ಕಲ್ಲಿನ ದೊಡ್ಡ ಹಾಸ್ಟೆಲೊಂದು ಎದ್ದಿತು. ಎರಡು ಅಂತಸ್ತು, ನಡುವೆ ಚೌಕ ಅಂಗಳ, ಅಂಗಳದ ಸುತ್ತ ಪಡಸಾಲೆ, ಪಡಸಾಲೆಗೆ ತೆರೆಯುವ ಕೋಣೆಗಳು. ಯಾವ ಜಾತಿಯ ಹುಡುಗನಾದರೂ ಒಂದೇ ದಾರಿಯಲ್ಲಿ ಬರಲಿ ಎಂದು ನಕ್ಷೆ ಬರೆದವರು ಒಂದೇ ಹೆಬ್ಬಾಗಿಲು ಇಟ್ಟಿದ್ದರಂತೆ. ಹಿಂದೆ ಇದ್ದದ್ದು ಅಡುಗೆಮನೆಗೆ ಕಟ್ಟಿಗೆ ಸಾಗಿಸುವ ಸಣ್ಣ ಬಾಗಿಲು. ಆ ಹೆಬ್ಬಾಗಿಲಿನ ಹೊಸ್ತಿಲ ಕಲ್ಲು ಕೂಡಿಸಿದ ಗೌಂಡಿ, ಕೆಲಗೇರಿಯಿಂದ ದಿನಾ ನಡೆದು ಬರುತ್ತಿದ್ದ ನನ್ನ ಅಪ್ಪ.

ಹೊಸ್ತಿಲು ಕೂಡಿಸಿದ ದಿನ ಪೂಜೆ ಮಾಡಿ, ಗೌಂಡಿಯ ತಲೆಗೆ ಹೊಸ ರುಮಾಲು ಸುತ್ತಿ, ಅವನನ್ನೇ ಮೊದಲು ದಾಟಿಸುವುದು ಕಸುಬಿನವರ ಪದ್ಧತಿ. ಅಪ್ಪ ಸ್ನಾನ ಮಾಡಿ, ಒಗೆದ ಧೋತರ ಉಟ್ಟು ಹೋಗಿದ್ದ. ಗುತ್ತಿಗೆದಾರನ ಓವರ್‌ಸಿಯರ್‌ಗೆ ನಮ್ಮದು ಯಾವ ಕೇರಿ ಎಂಬುದು ಗೊತ್ತಿತ್ತು. ರುಮಾಲನ್ನು ಬೇರೊಬ್ಬನಿಗೆ ಸುತ್ತಿಸಿದರು. “ನಿಂದ್ರೋ ಅಲ್ಲೇ! ನೀ ಹಿಂದಿನ ಬಾಗಲದಿಂದ ಬಾ” ಎಂದರು, ಹತ್ತು ಜನರೆದುರು, ಅಪ್ಪನ ಜೊತೆ ಹೋಗಿದ್ದ ನನ್ನೆದುರೂ. ಕಟ್ಟಡ ಮುಗಿಯುವವರೆಗೂ ಅಪ್ಪ ಹಿಂದಿನ ಬಾಗಿಲಿನಿಂದಲೇ ಓಡಾಡಿದ. ಎರಡು ವರ್ಷದಲ್ಲಿ ಹಾಸಿಗೆ ಹಿಡಿದ. ಸಾಯುವಾಗಲೂ ಅದೇ ಮಾತು: “ನಾ ಕೂಡಿಸಿದ ಹೊಸ್ತಿಲಾ ನಾ ದಾಟಲಿಲ್ಲೋ ತಮ್ಮಾ. ನನ್ನ ತಡದಂವನ್ನ ದಾಟಾಕ ಬಿಡಬ್ಯಾಡ.”

ಅವ್ವ ತವರಿಗೆ ಹೋದಳು. ನಾನು ಕಾಲೇಜು ಸೇರಿ, ಅದೇ ಹಾಸ್ಟೆಲಿಗೆ ಬಂದೆ. ಹೊಸ್ತಿಲು ದಾಟುವಾಗಲೆಲ್ಲ ಆ ಓವರ್‌ಸಿಯರ್ ಆಡಿದ ಮಾತು ನೆನಪಾಗುತ್ತಿತ್ತು. ಪುಸ್ತಕ ಮುಂದಿಟ್ಟುಕೊಂಡು ಆ ಮನುಷ್ಯನಿಗೆ ಏನು ಮಾಡಲಿ ಎಂದು ಯೋಚಿಸುತ್ತ ಎಷ್ಟೋ ತಾಸು ಕಳೆದಿದ್ದೇನೆ.

ಬೇಸಿಗೆಯ ಒಂದು ಮಧ್ಯಾಹ್ನ ಆ ಓವರ್‌ಸಿಯರೇ ಬಂದರು. ಮಾಳಿಗೆ ಸೋರುತ್ತಿದ್ದುದನ್ನು ನೋಡಲು ಇಬ್ಬರು ಗೌಂಡಿಗಳನ್ನು ಕರೆತಂದಿದ್ದರು. ಹುಡುಗರೆಲ್ಲ ಪರೀಕ್ಷೆಗೆ ಹೋಗಿದ್ದರು, ನನ್ನದು ಅಂದು ಇರಲಿಲ್ಲ. ಬಾಗಿಲ ಒಳಗೆ ಬೆಂಚಿನ ಮೇಲೆ ನಾನೊಬ್ಬನೇ. ನನಗೆ ಅವರ ಗುರುತು ಹತ್ತಿತು, ಅವರಿಗೆ ನಾನು ಯಾರೋ ಒಬ್ಬ ಹುಡುಗ.

ಗೌಂಡಿಗಳು ಒಳಗೆ ಬಂದರು. ಓವರ್‌ಸಿಯರ್ ಬರಲಿಲ್ಲ. ಎತ್ತಿದ ಕಾಲು ಹೊಸ್ತಿಲ ಆಚೆಗೇ ಇಳಿಯಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲಕ್ಕೆ ಅವರ ಅಂಗಿ ಬೆವರಿನಿಂದ ಮೈಗಂಟಿತ್ತು.

“ತಮ್ಮಾ, ನಿನ್ನ ಮುಂದ ನಿಂತಾನಲ್ಲಾ, ಅಂವಗ ಬದಿಗೆ ಸರಿ ಅನ್ನು. ನನ್ನ ಎದಿಗೆ ಕೈ ಹಚ್ಚಿ ನಿಂತಾನ” ಎಂದರು.

ನನ್ನ ಮುಂದೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಗೌಂಡಿಗಳು ಮುಖ ಮುಖ ನೋಡಿಕೊಂಡರು. ನನಗೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಕೇಳಿದೆ:

“ತಲಿಮ್ಯಾಲೆ ರುಮಾಲ ಐತೇನ್ರಿ?”

“ಐತಿ. ಹೊಸಾದು. ನೀರಿನ್ನೂ ಕಂಡಿಲ್ಲ ಅದು. ಸರಿ ಅನ್ನಪಾ, ಕೈ ಮುಗಿತೇನಿ.”

‘ಅಪ್ಪಾ, ಬಿಡು’ ಎಂದು ನಾನೊಂದು ಮಾತು ಆಡಿದ್ದರೆ ಸಾಕಿತ್ತು ಎಂದು ಆ ಕ್ಷಣ ನನಗೆ ಖಂಡಿತವಾಗಿ ಅನಿಸಿತು. ಆಡಲಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತೆ. ಅವರು ಕಟ್ಟಡವನ್ನು ಸುತ್ತಿ ಹೋಗಿ, ಕಟ್ಟಿಗೆಯ ಬಾಗಿಲಿನಿಂದ ತಲೆ ಬಗ್ಗಿಸಿ ಒಳಗೆ ಬಂದರು. ಆಮೇಲೆ ಬಂದಾಗಲೆಲ್ಲ ಅಲ್ಲಿಂದಲೇ ಬಂದರು.

ಬಿಸಿಲಿಗೆ ಅವರ ತಲೆ ತಿರುಗಿರಬೇಕು, ರುಮಾಲಿನ ಮಾತನ್ನು ಅವರ ಬಾಯಿಗೆ ನೀನೇ ಹಾಕಿದೆ ಎಂದು ಗೆಳೆಯರು ವಾದಿಸುತ್ತಾರೆ. ಇರಬಹುದು. ಅದು ಹೊಸದೆಂದು ಹೇಳಿಕೊಟ್ಟವರು ಯಾರು ಎಂದು ನಾನು ಕೇಳಿದರೆ ಗೆಳೆಯರು ಮಾತು ಬೇರೆ ಕಡೆ ತಿರುಗಿಸುತ್ತಾರೆ. ಆ ಮಧ್ಯಾಹ್ನ ಅಲ್ಲಿ ಏನಿತ್ತೋ ನನಗೆ ತಿಳಿಯದು. ಆದರೆ ಆ ಮನುಷ್ಯ ಇವತ್ತು ಬಂದು ಮತ್ತೆ ಕೈ ಮುಗಿದರೂ ನಾನು ಆ ಒಂದು ಮಾತು ಆಡುವುದಿಲ್ಲ.