ತವರಿನವನು ಸೇತುವೆ ದಾಟಿ ಬಂದ

ಪೆನ್ನಾಗರಂ ದಾರಿಯ ಆ ಚಿಕ್ಕ ಊರಿನ ಹೊಳೆಗೆ ಅಡ್ಡಲಾಗಿ ನಿಂತಿರುವ ಕಬ್ಬಿಣದ ಸೇತುವೆ ಬಿಳಿಯರ ಕಾಲದ್ದು. ತೊಲೆಗಳು ರೈಲಿನಲ್ಲಿ ಬಂದು, ಅಲ್ಲಿಂದ ಎತ್ತಿನ ಗಾಡಿ ಹತ್ತಿ ಊರು ಸೇರಿದವಂತೆ. ಒಬ್ಬ ತೊಲೆ ಜೋಡಿಸುವ ರಿವೆಟ್ಟನ್ನು ಕೆಂಪಗೆ ಕಾಯಿಸಿ ಇಕ್ಕಳದಿಂದ ಮೇಲಕ್ಕೆಸೆದರೆ, ಇನ್ನೊಬ್ಬ ಅದನ್ನು ಡಬ್ಬಿಯಲ್ಲಿ ಹಿಡಿದು, ಆರುವ ಮೊದಲೇ ತೂತಿಗಿಟ್ಟು ಬಡಿಯಬೇಕಿತ್ತು. ಕೆಲಸವೆಲ್ಲ ಮುಗಿದ ಮೇಲೆ ಅದರ ಮೇಲೆ ಮೊದಲು ಕಾಲಿಡಲು ಕಟ್ಟಿಸಿದ ದೊರೆಗೇ ಧೈರ್ಯ ಸಾಲದೆ, ಸೇತುವೆ ಕಾವಲಿನ ರಾಮಕ್ಕನ ಮುತ್ತಾತನ ಕುರಿಮಂದೆಯನ್ನು ಓಡಿಸಿ ನೋಡಿದರು. ಕುರಿಗಳಿಗೇನು ಗೊತ್ತು, ದಾಟಿದವು. ಈ ಕಥೆ ಹೇಳುವಾಗ ಊರವರು ಇವತ್ತಿಗೂ ಸೇತುವೆಯನ್ನು ತಾವೇ ಕಟ್ಟಿದಂತೆ ಮೀಸೆ ತಿರುವುತ್ತಾರೆ.

ಇಷ್ಟೆಲ್ಲ ಮಾಡಿದವರು ಅಗಲ ಮಾತ್ರ ಒಂದು ಲಾರಿಗೆ ಆಗುವಷ್ಟೇ ಇಟ್ಟರು. ಹಾಗಾಗಿ ಎರಡು ತುದಿಗೂ ಒಬ್ಬೊಬ್ಬರು ಕಾವಲು. ಆ ಕಡೆಯವರು ಹಸಿರು ಬಾವುಟ ಬೀಸಿದರೆ ಮಾತ್ರ ಈ ಕಡೆಯವರು ಗಾಡಿ ಬಿಡಬೇಕು. ಈ ತುದಿಯಲ್ಲಿ ರಾಮಕ್ಕ, ಆ ತುದಿಯಲ್ಲಿ ಅವಳ ಒಡಹುಟ್ಟಿದ ತಮ್ಮ ತಿಮ್ಮರಾಜು. ದಿನವಿಡೀ ಎದುರುಬದುರು ನಿಲ್ಲುವ ಈ ಇಬ್ಬರ ನಡುವೆ ಹದಿನೆಂಟು ವರ್ಷದಿಂದ ಮಾತಿಲ್ಲ.

ಮುಂಚೆ ಈ ತುದಿಯ ಕೆಲಸ ಅವಳ ಗಂಡ ಕರಿಯಪ್ಪನದು. ಒಂದು ಸಂಜೆ ಕುರಿಮಂದೆಯೊಂದು ದಾಟಿತು, ಕರಿಯಪ್ಪ ಹಸಿರು ಬೀಸಿದ. ಆಮೇಲೆ ನೋಡಿದರೆ ಒಂದು ಮರಿಯ ಕಾಲು ನಡುವಿನ ತಗಡಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಲಾರಿ ಬರುವುದರೊಳಗೆ ಎಳೆದು ತರೋಣವೆಂದು ಓಡಿದ. ಆ ಕಡೆ ತಿಮ್ಮರಾಜುವಿನ ಕಣ್ಣಿಗೆ ಇಳಿಬಿಸಿಲು ಹೊಡೆಯುತ್ತಿತ್ತು. ಹಸಿರು ಕಂಡಿತ್ತು, ಬಾವ ಕಾಣಲಿಲ್ಲ. ಲಾರಿ ಬಿಟ್ಟ.

ತಪ್ಪು ಯಾರದೆಂದು ಊರು ಬೇಕಾದಷ್ಟು ದಿನ ಬಾಯಿ ಚಪಲ ತೀರಿಸಿಕೊಂಡಿತು. ರಾಮಕ್ಕ ಯಾರದೂ ಅನ್ನಲಿಲ್ಲ. ತಮ್ಮನ ಜೊತೆ ಮಾತು ಬಿಟ್ಟಳು, ಅಷ್ಟೇ. ಗಂಡನ ಕೆಲಸ ಅವಳ ಪಾಲಿಗೆ ಬಂತು. ಬಂದು ಬಾವುಟ ಹಿಡಿದಳು. ಗಂಡನನ್ನು ಕೊಂದ ಲಾರಿಯನ್ನು ಬಿಟ್ಟವನ ಬಾವುಟ ನಂಬಿಯೇ ಬಸ್ಸು, ಟೆಂಪೋ, ಇಸ್ಕೂಲಿನ ವ್ಯಾನು ಎಲ್ಲವನ್ನೂ ದಿನಾ ಕಳಿಸಿದಳು. ಸಿಟ್ಟು ಬಂದಿದ್ದರೆ ಬಯ್ದು ಹಗುರಾಗುತ್ತಿದ್ದಳೇನೋ, ಸಿಟ್ಟು ಬರಲಿಲ್ಲ. ಅಳುವಂತೂ ಮೊದಲ ದಿನದಿಂದಲೇ ಇಲ್ಲ. ಸಾರಿಗೆ ಉಪ್ಪು ಮರೆತಿದ್ದರೂ ತಿಳಿಯದೆ ಉಣ್ಣುತ್ತಿದ್ದಳು.

ಪಕ್ಕದಲ್ಲಿ ಕಾಂಕ್ರೀಟಿನ ಹೊಸ ಸೇತುವೆ ಎದ್ದು, ಹಳೆಯದನ್ನು ಮುಚ್ಚುವ ದಿನ ಬಂತು. ತಿಮ್ಮರಾಜು ಮಾರನೆಯ ದಿನವೇ ಊರು ಬಿಟ್ಟು ಶಂಕಗಿರಿಯ ಮಗಳ ಮನೆ ಸೇರುತ್ತಾನೆಂದು ಟೀ ಅಂಗಡಿಯ ಕಾಳಿಯಮ್ಮ ಬೇಕೆಂದೇ ರಾಮಕ್ಕನ ಕಿವಿಗೆ ಹಾಕಿದಳು.

"ಇವತ್ ಮಾತಾಡ್ದಿದ್ರೆ ಇನ್ಯಾವತ್ತೇ ಮಾತಾಡ್ತೀಯ? ನಿಂಗೂ ತವ್ರು ಅಂತ ಇರೋನು ಅವ್ನೊಬ್ನೇ, ತೆರಿಯುಮಾ, ಗೊತ್ತಾ?"

"ಟೀ ಆರೋಯ್ತದೆ, ಕೊಡು," ಅಂದಳು ರಾಮಕ್ಕ.

ಮಧ್ಯಾಹ್ನ ಕೊನೆಯ ಬಸ್ಸು ದಾಟಿತು. ಕೂಲಿಯವರು ರಸ್ತೆಗೆ ಅಡ್ಡಲಾಗಿ ಡಾಂಬರಿನ ಡ್ರಮ್ಮು ಉರುಳಿಸುತ್ತಿದ್ದಾಗ ತಿಮ್ಮರಾಜು ಆ ಕಡೆಯಿಂದ ನಡೆದುಬಂದ. ಬಗಲಲ್ಲಿ ಒಂದು ಬಟ್ಟೆಚೀಲ. ನಡುವಿನ ಆ ತಗಡನ್ನು ತುಳಿಯದೆ, ಕಂಬಿ ಹಿಡಿದು ಅಂಚಿನಲ್ಲೇ ಬಂದ. ದೂರದಿಂದ ಕರ್ರಗೆ ಕಾಣುತ್ತಿದ್ದ ತಮ್ಮನ ತಲೆ ಹತ್ತಿರ ಬಂದಾಗ ಅರ್ಧ ನರೆತಿತ್ತು.

"ಅಕ್ಕ, ನಾಳಿಕ್ ಓಯ್ತಿನಿ," ಅಂದ. "ಇದ್ನ ಇಲ್ಲೇ ಬಿಟ್ಟು ಓಗಕ್ಕೂ ಆಯ್ತಿಲ್ಲ, ತಕ್ಕೊಂಡ್ ಓಗಕ್ಕೂ ಆಯ್ತಿಲ್ಲ."

ಚೀಲದಿಂದ ತೆಗೆದದ್ದು ಸೀರೆ. ಅವರ ಜನದಲ್ಲಿ ಗಂಡ ಸತ್ತವಳಿಗೆ ತವರಿನವರು ಸೀರೆ ತರಬೇಕು. ಅವರನ್ನು ಕಂಡೊಡನೆ ಅವಳು ಹಿಡಿದುಕೊಂಡು, ಹೋದವನ ಸುದ್ದಿ ಹೇಳಿ ಅಳಬೇಕು. ಅವತ್ತು ತಿಮ್ಮರಾಜು ಸೀರೆ ಹಿಡಿದು ಬಾಗಿಲಿಗೆ ಬಂದಾಗ ರಾಮಕ್ಕ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ಹಿರಿಯರು ಎಷ್ಟು ಕೇಳಿಕೊಂಡರೂ ತಿರುಗಲಿಲ್ಲ. ಅವನು ಬಂದ ದಾರಿಯಲ್ಲೇ ವಾಪಸು ಹೋಗಿದ್ದ.

"ಅವತ್ತಿಂದೇನಾ ಇದು?" ಎಂದಳು ರಾಮಕ್ಕ. ಇಷ್ಟು ವರ್ಷಕ್ಕೆ ಅದೇ ಮೊದಲ ಮಾತು.

"ಊಂ. ಬ್ಯಾರೇದ್ ತರಕ್ ಮನ್ಸ್ ಬರ್ಲಿಲ್ಲ."

ಮಡಿಕೆಯ ಗೆರೆಗಳಲ್ಲಿ ಬಣ್ಣ ಬಿಳಿಚಿತ್ತು. ಹುಳ ಮಾತ್ರ ಒಂದು ಎಳೆಯನ್ನೂ ಮುಟ್ಟಿರಲಿಲ್ಲ. ಆಗಾಗ ಬಿಸಿಲಿಗೆ ಹಾಕಿ, ಮತ್ತೆ ಮಡಿಸಿ ಇಟ್ಟಿದ್ದನೆಂದು ನೋಡಿದರೇ ತಿಳಿಯುತ್ತಿತ್ತು. ರಾಮಕ್ಕ ಒಂದು ಮಡಿಕೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಸೆರಗು ಒಡ್ಡಿದಳು. ಅವನು ಎರಡೂ ಕೈಯಿಂದ ಇಟ್ಟ.

ಎದೆಯೊಳಗೆ ಏನೋ ಕಿತ್ತು ಬಂದಂತಾಗಿ ಅವಳಿಗೆ ಭಯವಾಯಿತು. ತಮ್ಮನ ತೋಳು ಹಿಡಿದುಕೊಂಡಳು. ಡ್ರಮ್ಮು ಉರುಳಿಸುತ್ತಿದ್ದವರು ಕೈ ನಿಲ್ಲಿಸಿ ನೋಡಿದರು.

"ತಿಮ್ಮ," ಅಂದಳು ರಾಮಕ್ಕ, "ನಿಮ್ ಬಾವ ಓಗ್ಬುಟ್ರು ಕಣೋ. ಮುದ್ದೆ ಮಾಡಿ ಇಟ್ಟಿದ್ದೆ, ಬರ್ಲೇ ಇಲ್ಲ ಕಣೋ."