ಬಾಗಿಲಿಗೆ ಬರುವ ಮೇಸ್ತ್ರಿ

ದಿಗ್ಗೇವಾಡಿಯ ಕುರಿಗಾರರ ಮನೆಯ ಮಾಳಸಿದ್ದ ಚಿಕ್ಕೋಡಿಗೆ ಬಂದು ಉತ್ತಮನ ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ದುಡಿದಿದ್ದ. ಬಾನೆಟ್ ಎತ್ತುವ ಮೊದಲೇ, ಸದ್ದು ಕೇಳಿ ಇಂಜಿನ್ನಿನ ರೋಗ ಹೇಳುತ್ತಿದ್ದ. ೧೯೮೭ರ ಬೇಸಿಗೆಯಲ್ಲಿ ಒಂದು ಜೀಪಿನ ಫ್ಯಾನು ಅವನ ಬಲಗೈಯ ಎರಡು ಬೆರಳು ಕತ್ತರಿಸಿ ಹಾಕಿತು. ಗಾಯ ಮಾಯ್ದು ಕೆಲಸಕ್ಕೆ ಬಂದ ದಿನ ಉತ್ತಮ ಅವನನ್ನು ಒಳಗೇ ಬಿಡಲಿಲ್ಲ.

"ಮೂರ ಬೆರಳಿಲೆ ಪಾನಾ ಹೆಂಗ ಹಿಡಿತೀಲೇ? ಗಿರಾಕಿ ನೋಡಿದ್ರ ಹೆದರ್ತಾರ. ಊರಿಗಿ ಹೋಗಿ ಕುರಿ ಕಾಯಿ."

"ಕುರಿ ಕಾಯೂದು ಸಣ್ಣ ಕೆಲಸ ಅಲ್ರಿ," ಎಂದ ಮಾಳಸಿದ್ದ. "ಆದ್ರ ನೀವು ಹೇಳಿದ್ರಿ ಅಂತ ಮಾಡಂಗಿಲ್ಲ."

ಹೆಂಡತಿ ಕೆಂಪವ್ವ ಅಳಲಿಲ್ಲ, ಬೈಯಲಿಲ್ಲ. ಹಳೇ ತಾಡಪತ್ರಿಯ ದಪ್ಪ ಬಟ್ಟೆ ಕತ್ತರಿಸಿ ಪಾನಾ, ಪಕ್ಕಡ ಮೊದಲಾದ ಸಲಕರಣೆ ಹಿಡಿಸುವಂಥ ಚೀಲ ಹೊಲಿದುಕೊಟ್ಟಳು. ಮಾಳಸಿದ್ದ ಗುಜರಿಯಿಂದ ಕೆಟ್ಟ ಇಂಜಿನ್ನೊಂದನ್ನು ತಂದು, ಎಡಗೈಗೆ ಬುದ್ಧಿ ಬರುವ ತನಕ ಬಿಚ್ಚಿದ, ಕೂಡಿಸಿದ, ಮತ್ತೆ ಬಿಚ್ಚಿದ.

ಚಿಕ್ಕೋಡಿಯಿಂದ ದಿನಾ ನಿಪ್ಪಾಣಿ, ರಾಯಬಾಗ, ಅಥಣಿಗೆ ಕಾರಿನಲ್ಲಿ ಓಡಾಡುವ ಡಾಕ್ಟರು, ವಕೀಲರು ಹತ್ತು ಹನ್ನೆರಡು ಮಂದಿ ಇದ್ದರು. ಗ್ಯಾರೇಜಿಗೆ ಕಾರು ಬಿಟ್ಟರೆ ಮೂರು ದಿನ ಅವರಿಗೆ ಬಸ್ಸಿನ ಪಾಡು. ಮಾಳಸಿದ್ದ ಮುಂಜಾನೆ ಸೈಕಲ್ ಮೇಲೆ ಅವರ ಅಂಗಳಕ್ಕೇ ಬಂದು, ಅವರು ನಾಷ್ಟಾ ಮುಗಿಸಿ ಏಳುವಷ್ಟರಲ್ಲಿ ಪ್ಲಗ್ ತಿಕ್ಕಿ, ಬ್ರೇಕ್ ಬಿಗಿದು, ಕೀಲಿ ಕೈಗಿಡುತ್ತಿದ್ದ. ಒಬ್ಬರಿಂದ ಒಬ್ಬರಿಗೆ ಸುದ್ದಿ ಹಬ್ಬಿತು. ಉತ್ತಮನ ಹೊಟ್ಟೆಗೆ ಬೆಂಕಿ ಬಿತ್ತು.

ಎರಡನೆಯ ವರ್ಷದ ಮಳೆಗಾಲದಲ್ಲಿ ಡಾಕ್ಟರ್ ತಾರಾಬಾಯಿಯವರ ಕಾರಿನ ಕ್ಲಚ್ ಪ್ಲೇಟು ಸವೆದುಹೋಯಿತು. ಅವರು ದಿನಾ ರಾಯಬಾಗಕ್ಕೆ ಹೋಗಿ ಬರುವವರು. ಮಾಳಸಿದ್ದ ಗೇರ್‌ಬಾಕ್ಸ್ ಇಳಿಸಿಟ್ಟು, ಹೊಸ ಪ್ಲೇಟು ತರಲು ಭೂಪಾಲನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದ.

"ಇಲ್ಲಪಾ," ಎಂದ ಭೂಪಾಲ.

"ಹಿಂದ ಮೂರ ಡಬ್ಬಿ ಕಾಣಾಕತ್ತಾವಲ್ರಿ?"

ಭೂಪಾಲ ತಲೆ ತಗ್ಗಿಸಿದ. "ಅದಾವು. ನಿನಗ ಕೊಡಬ್ಯಾಡಂತ ಉತ್ತಮ ಹೇಳ್ಯಾನ. ಅಂವ ದೊಡ್ಡ ಗಿರಾಕಿ, ನಾ ಏನ ಮಾಡ್ಲಿ?"

ಮಾಳಸಿದ್ದ ವಾದಕ್ಕೆ ನಿಲ್ಲಲಿಲ್ಲ. ಮರುದಿನ ಮೊದಲ ಬಸ್ಸು ಹಿಡಿದು ಮಿರಜಕ್ಕೆ ಹೋಗಿ, ಪ್ಲೇಟು ಬಗಲಲ್ಲಿಟ್ಟುಕೊಂಡು ಮಧ್ಯಾಹ್ನಕ್ಕೆ ತಿರುಗಿ ಬಂದ. ಬಂದರೆ ಡಾಕ್ಟರ ಅಂಗಳದಲ್ಲಿ ಉತ್ತಮನೇ ನಿಂತಿದ್ದ.

"ಬಾಯಾರ, ಇಂವ ಮುಟ್ಟಿದ ಗಾಡಿ ಇನ್ನ ಮ್ಯಾಲ ನಮ್ಮ ಗ್ಯಾರೇಜಿನ್ಯಾಗ ತಗೋಳಂಗಿಲ್ಲ. ದಾರ್ಯಾಗ ನಿಂತ್ರ ನನ್ನ ಕರೀಬ್ಯಾಡ್ರಿ."

ತಾರಾಬಾಯಿ ಗೋಣಿತಟ್ಟಿನ ಮೇಲಿದ್ದ ಗೇರ್‌ಬಾಕ್ಸ್ ನೋಡಿದರು, ಮಾಳಸಿದ್ದನ ಬಲಗೈ ನೋಡಿದರು. ಆ ನೋಟ ಅವನಿಗೆ ಉತ್ತಮನ ಮಾತಿಗಿಂತ ಆಳವಾಗಿ ನಾಟಿತು.

"ನಾಳೆ ಎಂಟಕ್ಕ ರಾಯಬಾಗದಾಗ ಒಂದ ಆಪರೇಷನ್ ಐತಿ, ಮಾಳಸಿದ್ದ. ಆಗ್ತೈತೇನು?"

"ಆಗ್ತೈತ್ರಿ ಬಾಯಾರ. ನಾಳೆ ನಾನೂ ಹಿಂದ ಕುಂತ ಬರ್ತೀನಿ. ನಿಂತ್ರ ರಾಯಬಾಗದ ತನಕ ದೂಕ್ತೀನಿ." ಆಮೇಲೆ ಉತ್ತಮನ ಕಡೆ ತಿರುಗಿದ. "ನೀವೂ ನಿಂತ ನೋಡ್ರಿ ಮಾಲಕರ. ಪಾನಾ ಹೆಂಗ ಹಿಡಿತೀ ಅಂತ ಅವತ್ತ ಕೇಳಿದ್ರಲ್ಲಾ?"

ಅವನು ಕಾರಿನ ಕೆಳಗೆ ಅಂಗಾತ ಮಲಗಿ, ಹೊಸ ಪ್ಲೇಟು ಕೂಡಿಸಿ, ಗೇರ್‌ಬಾಕ್ಸನ್ನು ಎದೆಯ ಮೇಲೆ ಎಳೆದುಕೊಂಡ. ಉಸಿರು ಕಟ್ಟಿತು. ಮೊದಲನೆಯ ಸಲ ಅದು ಜಾರಿತು, ಎರಡನೆಯ ಸಲವೂ. ಮೂರನೆಯ ಸಲ ಮೊಣಕಾಲು ಕೊಟ್ಟು ಎತ್ತಿ, ಎಡಗೈಯಿಂದ ಬೋಲ್ಟು ಹಿಡಿಸಿ ಬಿಗಿದ. ಹೊರಗೆ ತೆವಳಿ ಬಂದಾಗ ಉತ್ತಮನ ಸುಳಿವಿರಲಿಲ್ಲ. ಸಂಜೆಗೆ ಕಾರು ಅಂಗಳದಲ್ಲಿ ಹಿಂದೆ ಮುಂದೆ ಆಡಿತು. ಮರುದಿನ ಅದು ಎಲ್ಲೂ ನಿಲ್ಲದೆ ಎಂಟರೊಳಗೆ ರಾಯಬಾಗ ಮುಟ್ಟಿತು.

ಉತ್ತಮನಿಗೆ ಹೆದರಿ ಇಬ್ಬರು ವಕೀಲರು ಮಾಳಸಿದ್ದನನ್ನು ಕರೆಯುವುದು ಬಿಟ್ಟರು. ಉಳಿದವರು ಬಿಡಲಿಲ್ಲ. ಭೂಪಾಲ ಮಾತ್ರ ಕೊನೆತನಕ ಅವನಿಗೆ ಡಬ್ಬಿ ಇಳಿಸಿ ಕೊಡಲಿಲ್ಲ; ಮಾಳಸಿದ್ದ ವಾರಕ್ಕೊಮ್ಮೆ ಮಿರಜದ ಬಸ್ಸು ಹತ್ತುವುದನ್ನು ರೂಢಿ ಮಾಡಿಕೊಂಡ.

೧೯೯೩ರಲ್ಲಿ ಉತ್ತಮನ ಹೆಡ್ ಮೇಸ್ತ್ರಿ ಕೆಲಸ ಬಿಟ್ಟು ಪುಣೆಗೆ ಹೋದ. ಒಂದು ದಿನ ಉತ್ತಮ ತಾನೇ ಮಾಳಸಿದ್ದನ ಮನೆಗೆ ಬಂದ. ಕೆಂಪವ್ವ ಚಹಾ ಕೊಟ್ಟಳು.

"ಆಗಿದ್ದು ಆಗಿಹೋತು. ಬಾ, ಹೆಡ್ ಮೇಸ್ತ್ರಿ ಮಾಡ್ತೀನಿ."

"ಗಾಡಿ ಕೆಟ್ಟೈತೇನ್ರಿ?" ಎಂದು ಕೇಳಿದ ಮಾಳಸಿದ್ದ. "ಕೆಟ್ಟಿದ್ರ ನಿಮ್ಮ ಮನಿ ಮುಂದ ತಂದ ನಿಲ್ಲಸ್ರಿ, ಅಲ್ಲಿಗೇ ಬರ್ತೀನಿ. ಗ್ಯಾರೇಜಿಗಿ ಬರಂಗಿಲ್ಲ."

ಉತ್ತಮ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಮಾಳಸಿದ್ದ ಬಾಗಿಲ ತನಕ ಕಳಿಸಲು ಹೋಗಲಿಲ್ಲ.